ಕೀಲಿಕೈ ಕೊಟ್ಟೆವು, ಅಧಿಕಾರ ಕೊಡಲಿಲ್ಲ

ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಲ್ಲಿ ‘ಮಾಹಿತಿ ಸಿಂಧು’ ಕಂಪ್ಯೂಟರ್ ಶಿಕ್ಷಣ ಯೋಜನೆ ಶುರುವಾಗಿ ಎರಡು ದಶಕ ಕಳೆದಿವೆ. ಅಂದಿನಿಂದ ದೀಕ್ಷಾ ಡಿಜಿಟಲ್ ಕಲಿಕಾ ವೇದಿಕೆಯವರೆಗೆ ಬಂದ ಯೋಜನೆಗಳನ್ನು ಹಿಂತಿರುಗಿ ನೋಡಿದರೆ ಒಂದು ಕೊರತೆ ಕಣ್ಣಿಗೆ ರಾಚುತ್ತದೆ. ಯಾವ ಯಂತ್ರ, ಎಷ್ಟು, ಪೂರೈಸುವವರು ಯಾರು ಎಂದು ಶಿಕ್ಷಣ ಇಲಾಖೆ ಪ್ರತಿ ಸಲವೂ ಲೆಕ್ಕ ಹಾಕಿತು. ಆ ಯೋಜನೆಗಳನ್ನು ಶಾಲೆಯಲ್ಲಿ ನಡೆಸಬೇಕಾದ ಮುಖ್ಯ ಶಿಕ್ಷಕರು ಮಾತ್ರ ಆ ಲೆಕ್ಕದಿಂದ ಹೊರಗೇ ಉಳಿದರು.

ಆರಂಭದ ವರ್ಷಗಳಲ್ಲಿ ಕೆಲಸವೆಲ್ಲ ಖಾಸಗಿ ಕಂಪನಿಗಳ ಗುತ್ತಿಗೆ. ಕಂಪ್ಯೂಟರೂ ಅವರದೇ, ಕಲಿಸುವವರೂ ಅವರ ಕಡೆಯವರೇ. ಗುತ್ತಿಗೆ ಮುಗಿದಾಗ ಕಲಿಸುವವರು ಹೊರಟರು, ಸಾಮಾನು ಶಾಲೆಯ ದಾಸ್ತಾನು ವಹಿಗೆ ಸೇರಿತು. ಮಾನಿಟರ್ ಕಳುವಾದರೆ ವಿವರಣೆ ಕೊಡಬೇಕಾದವರು ಮುಖ್ಯ ಶಿಕ್ಷಕರು. ಯುಪಿಎಸ್ ಬ್ಯಾಟರಿ ಸತ್ತರೆ ಹೊಸದಕ್ಕೆ ಅನುದಾನವಿಲ್ಲ, ಕೆಟ್ಟದ್ದನ್ನು ತಾವಾಗಿ ವಿಲೇವಾರಿ ಮಾಡುವಂತೆಯೂ ಇಲ್ಲ. ಹೀಗಿರುವಾಗ ಲ್ಯಾಬಿಗೆ ಬೀಗ ಜಡಿದದ್ದನ್ನು ಸೋಮಾರಿತನ ಎಂದು ಬೈದವರು ಬಹಳ. ನನಗೆ ಅದರಲ್ಲಿ ಕಾಣುವುದು ಆಡಿಟ್‌ನ ಭಯ. ನಿವೃತ್ತಿಯ ಹೊತ್ತಿಗೆ ಚಾರ್ಜ್ ಪಟ್ಟಿಯಲ್ಲಿ ಒಂದು ಮೌಸ್ ಕಡಿಮೆ ಬಂದರೂ ತಲೆನೋವೇ.

ನಮ್ಮ ಮಾಹಿತಿ ಸಿಂಧುವಿನ ಹೊತ್ತಿಗೇ, 2001ರಲ್ಲಿ, ಕೇರಳ ‘ಐಟಿ ಅಟ್ ಸ್ಕೂಲ್’ ಯೋಜನೆ ಆರಂಭಿಸಿತು. ಅಲ್ಲಿ ತರಬೇತಿ ಪಡೆದವರು ಶಾಲೆಯ ಶಿಕ್ಷಕರೇ, ಉಸ್ತುವಾರಿ ಹೊತ್ತವರೂ ಅವರಲ್ಲೇ ಒಬ್ಬರು. ಮುಕ್ತ ತಂತ್ರಾಂಶ ಬಳಸಿದ್ದರಿಂದ ಪರವಾನಗಿಗಾಗಿ ಯಾರ ಮುಂದೆಯೂ ಕೈಚಾಚಬೇಕಾಗಲಿಲ್ಲ.

ನಮ್ಮಲ್ಲೂ ಅಂಥ ಹೆಜ್ಜೆ ಬಿದ್ದಿತ್ತು. 2011ರ ನಂತರ ವಿಷಯ ಶಿಕ್ಷಕರ ವೇದಿಕೆಯಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಮೇಷ್ಟ್ರುಗಳು ಕನ್ನಡದಲ್ಲಿ ಟೈಪ್ ಮಾಡಲು ಕಲಿತರು, ಜಿಯೋಜಿಬ್ರಾ ಗಣಿತ ತಂತ್ರಾಂಶದಲ್ಲಿ ತ್ರಿಭುಜ ಎಳೆದು ತೋರಿಸಿದರು, ತಮ್ಮ ಪಾಠಗಳನ್ನು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಜಾಲತಾಣಕ್ಕೆ ಸೇರಿಸಿದರು. ಇಷ್ಟು ವರ್ಷಗಳಲ್ಲಿ ನಾವು ಮಾಡಿದ ಅತ್ಯುತ್ತಮ ಕೆಲಸ ಇದೇ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ. ಆದರೆ ತರಬೇತಿ ಮುಗಿಸಿ ಬಂದ ಶಿಕ್ಷಕಿಗೆ ವೇಳಾಪಟ್ಟಿಯಲ್ಲಿ ಲ್ಯಾಬ್ ಅವಧಿ ಕೊಡಬೇಕಾದವರು ಮುಖ್ಯ ಶಿಕ್ಷಕರು. ಅವರಿಗೆ ಇದರ ರುಚಿ ಹತ್ತದ ಕಡೆ ಕಲಿತದ್ದು ಅಲ್ಲಿಗೇ ನಿಂತಿತು, ಇಲ್ಲವೇ ವರ್ಗಾವಣೆಯ ಜತೆ ಬೇರೆ ಊರಿಗೆ ಹೋಯಿತು.

2020ರಲ್ಲಿ ಶಾಲೆ ಮುಚ್ಚಿದಾಗ ನಾಯಕತ್ವ ಎಂದರೇನೆಂದು ಕಂಡಿತು. ಮಕ್ಕಳಿದ್ದಲ್ಲಿಗೇ ಪಾಠ ಒಯ್ಯುವ ವಿದ್ಯಾಗಮ ಕಾರ್ಯಕ್ರಮಕ್ಕಾಗಿ ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನಿನವರು, ಏನೂ ಇಲ್ಲದವರು ಎಂದು ಮಕ್ಕಳನ್ನು ವಿಂಗಡಿಸಬೇಕಿತ್ತು. ಯಾರ ಮನೆಯಲ್ಲಿ ಯಾವ ಫೋನು, ಅದು ಎಷ್ಟು ಹೊತ್ತಿಗೆ ಮಗುವಿನ ಕೈಗೆ ಸಿಗುತ್ತದೆ ಎಂಬುದು ಊರನ್ನು ಬಲ್ಲ ಮುಖ್ಯ ಶಿಕ್ಷಕರಿಗೆ ಗೊತ್ತಿತ್ತು. ಗುಡಿಯ ಜಗಲಿ, ಮರದ ನೆರಳು ಹುಡುಕಿ ಪಾಠಕ್ಕೆ ಜಾಗ ಮಾಡಿಕೊಟ್ಟವರೂ ಇಂಥವರೇ. ಕೋವಿಡ್ ಸೋಂಕಿನ ಆತಂಕದಿಂದ ಅಕ್ಟೋಬರ್‌ನಲ್ಲಿ ವಿದ್ಯಾಗಮ ನಿಂತಿತು.

ಈಗ ಪಠ್ಯಪುಸ್ತಕದಲ್ಲಿ ದೀಕ್ಷಾ ಪಾಠಗಳಿಗೆ ಒಯ್ಯುವ ಕ್ಯೂಆರ್ ಕೋಡ್ ಇದೆ. ಮುಖ್ಯ ಶಿಕ್ಷಕರ ಇಂಟರ್ನೆಟ್ ಮಾತ್ರ ಸ್ಯಾಟ್ಸ್, ಯುಡೈಸ್ ಎಂಬ ಶಾಲಾ ಮಾಹಿತಿ ಜಾಲತಾಣಗಳಿಗೆ, ಬಿಸಿಯೂಟದ ಲೆಕ್ಕಕ್ಕೇ ಖರ್ಚಾಗುತ್ತದೆ. ಎಷ್ಟೋ ಕಡೆ ಅವರು ಪ್ರಭಾರಿಗಳು, ತರಗತಿ ಪಾಠವೂ ಅವರದೇ. ಮುಂದಿನ ಟೆಂಡರ್ ಕರೆಯುವ ಮೊದಲು ಖಾಲಿ ಹುದ್ದೆಗಳನ್ನು ತುಂಬಿ. ಮಾಹಿತಿ ತುಂಬುವ ಕೆಲಸಕ್ಕೆ ಕ್ಲಸ್ಟರಿಗೊಬ್ಬ ಸಿಬ್ಬಂದಿ ಕೊಡಿ. ದುರಸ್ತಿಯ ಹಣ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಖಾತೆಗೆ ಬರಲಿ. ಮಕ್ಕಳು ಬಳಸಿ ಸವೆದ ಯಂತ್ರಕ್ಕೆ ಮುಖ್ಯ ಶಿಕ್ಷಕರು ಹೊಣೆಯಲ್ಲ ಎಂಬ ಸುತ್ತೋಲೆಯನ್ನು ಇಲಾಖೆಯ ಆಯುಕ್ತರು ಈ ಶೈಕ್ಷಣಿಕ ವರ್ಷದಲ್ಲೇ ಹೊರಡಿಸಲಿ.