ಈ ಚಳಿಗಾಲ ವಿಲ್‌ಸ್ಟಾಕ್ಕೇ ಹೋಗೋಣ

ನಾಲ್ಕನೇ ಕ್ಲಾಸಿನಲ್ಲಿದ್ದಾಗ ನಾನೊಂದು ಸುಳ್ಳು ಹೇಳಿದ್ದೆ. ಸ್ಪೋರ್ಟ್‌ಲೋವ್ ರಜೆ ಮುಗಿಸಿ ಬಂದ ಸೋಮವಾರ ಟೀಚರ್ ನಮ್ಮನ್ನೆಲ್ಲ ಸುತ್ತ ಕೂರಿಸಿ "ರಜೆಯಲ್ಲಿ ಏನು ಮಾಡಿದಿರಿ?" ಅಂತ ಕೇಳಿದರು. ಒಬ್ಬ ಸೇಲೆನ್ ಅಂದ, ಒಬ್ಬಳು ಈದ್ರೆ ಅಂದಳು, ಮತ್ತೊಬ್ಬ ಓರೆ ಅಂದ. ನನ್ನ ಸರದಿ ಬಂದಾಗ ನಾನೂ ಸೇಲೆನ್ ಅಂದುಬಿಟ್ಟೆ. ನಿಜ ಏನಪ್ಪಾ ಅಂದರೆ ಆ ವಾರ ಪೂರ್ತಿ ನಾನು ಮನೆಯಲ್ಲಿ ತಮ್ಮನ ಜೊತೆ ಕೇರಂ ಆಡಿದ್ದೆ. "ಯಾವ ಇಳಿಜಾರಲ್ಲಿ ಜಾರಿದೆ?" ಅಂತ ಪಕ್ಕದ ಹುಡುಗ ಕೇಳಿದ. "ದೊಡ್ಡದರಲ್ಲಿ" ಅಂದೆ. ಅವನು ಮತ್ತೇನೂ ಕೇಳಲಿಲ್ಲ, ನನ್ನ ಪುಣ್ಯ.

ಈಗ ನಾನು ಒಂಬತ್ತನೇ ಕ್ಲಾಸು. ಇದನ್ನು ಓದುತ್ತಿರುವ ನಿಮ್ಮಲ್ಲಿ ಇಂಥದ್ದೇ ಸುಳ್ಳು ಹೇಳಿದವರು ಇನ್ನೂ ಒಬ್ಬಿಬ್ಬರಾದರೂ ಇರುತ್ತೀರಿ ಅನ್ನುವ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ.

ವಿಷಯ ಇಷ್ಟು. ನಮ್ಮ ಕನ್ನಡ ಶಾಲೆಯ ಚಳಿಗಾಲದ ಪ್ರವಾಸ ಈ ಸಲ ಎಲ್ಲಿಗೆ ಅನ್ನೋ ಚರ್ಚೆ ನಡೀತಾ ಇದೆ. ಹೋದ ವರ್ಷ ಎರಡು ದಿನ ಡಾಲಾರ್ನಾಕ್ಕೆ ಅಂತ ತೀರ್ಮಾನ ಆಗಿತ್ತು. ಅರ್ಧದಷ್ಟು ಮನೆಯವರು ಬರಲಿಲ್ಲ. ಒಬ್ಬರಿಗೆ ಆಫೀಸಿನ ಕೆಲಸ, ಒಬ್ಬರಿಗೆ ಬೆನ್ನು ನೋವು, ಒಬ್ಬರ ಮನೆಗೆ ನೆಂಟರು. ನಮ್ಮಮ್ಮನೂ ಫೋನಿನಲ್ಲಿ "ಆ ಶನಿವಾರ ಇವರಿಗೆ ಡ್ಯೂಟಿ ಇದೆ ಕಣ್ರೀ" ಅಂದಿದ್ದು ನನಗೆ ಕೇಳಿಸಿತು. ಆ ಶನಿವಾರ ಅಪ್ಪ ಮನೆಯಲ್ಲೇ ಕೂತು ಟಿವಿ ನೋಡುತ್ತಿದ್ದರು. ಹಾಗಾಗಿ ಬೇರೆಯವರ ಬೆನ್ನು ನೋವಿನ ಬಗ್ಗೆಯೂ ನನಗೆ ಸ್ವಲ್ಪ ಅನುಮಾನ ಇದೆ, ಕ್ಷಮಿಸಿ.

ಅಪ್ಪ ಲೆಕ್ಕ ಹಾಕದೇ ಬೇಡ ಅಂದವರಲ್ಲ. ಅದಕ್ಕೆ ಒಂದು ವರ್ಷ ಮೊದಲೇ ಸೇಲೆನ್‌ನಲ್ಲಿ ಒಂದು ವಾರ ಇದ್ದರೆ ಎಷ್ಟಾಗುತ್ತೆ ಅಂತ ನಾವಿಬ್ಬರೂ ಕೂತು ಹಳೇ ಲಕೋಟೆಯ ಹಿಂದೆ ಬರೆದಿದ್ದೆವು. ಮೊದಲು ಕಾಟೇಜು. ಆಮೇಲೆ ನಾಲ್ಕು ಜನಕ್ಕೆ ಲಿಫ್ಟ್ ಕಾರ್ಡು. ನಾಲ್ಕು ಜೊತೆ ಸ್ಕೀ, ಬೂಟು, ಕೋಲು, ಹೆಲ್ಮೆಟ್ಟು. ತಮ್ಮನಿಗೂ ಅಮ್ಮನಿಗೂ ಸ್ಕೀ ಪಾಠ (ಅಮ್ಮ ಕಲಿಯಲ್ಲ ಅಂದರು, ಆದರೂ ಬರೆದೆವು). ಪೆಟ್ರೋಲು, ದಾರಿಯ ಕಾಫಿ. ಮೊತ್ತ 25 ಸಾವಿರ ಕ್ರೋನರ್ ದಾಟಿತು. ಸರಿ, ಒಂದೇ ಸಲ ಅಲ್ವಾ ಅಂತ ಬುಕ್ ಮಾಡಲು ಹೋದರೆ ಇನ್ನೂ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಸಿಗೆ ಬಟ್ಟೆಗೆ ಬೇರೆ, ಹೊರಡುವಾಗ ಮನೆ ಸ್ವಚ್ಛ ಮಾಡೋದಕ್ಕೆ ಬೇರೆ ಅಂತ ಬರೆದಿತ್ತು. ಅಪ್ಪ ಲಕೋಟೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಅಜ್ಜಿಗೆ ವಿಡಿಯೋ ಕಾಲ್‌ನಲ್ಲಿ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಜಾರಿ ಬೀಳೋಕೆ ಇಷ್ಟು ದುಡ್ಡಾ? ಇಲ್ಲಿ ಪಾರ್ಕಿನ ಜಾರುಬಂಡೆ ಪುಕ್ಕಟೆ."

ಆ ವಾರವೇ ಯಾಕೆ ಅಷ್ಟು ದುಬಾರಿ ಅಂದರೆ ಎಲ್ಲರಿಗೂ ಆಗಲೇ ರಜೆ. ಯೋಟೆಬೊರಿಯವರಿಗೆ 7ನೇ ವಾರ, ಸ್ಟಾಕ್‌ಹೋಮಿನವರಿಗೆ 9ನೇ ವಾರ, ಉತ್ತರದವರಿಗೆ 10ನೇ ವಾರ ಅಂತ ಹಂಚಿದ್ದರೂ ಬೆಟ್ಟದ ಮೇಲೆ ಜಾಗ ಸಾಲದು. ತಮಾಷೆ ಏನು ಗೊತ್ತಾ? ಈ ರಜೆ ಶುರುವಾಗಿದ್ದೇ ದುಡ್ಡು ಉಳಿಸೋದಕ್ಕೆ. 1940ರಲ್ಲಿ ಯುದ್ಧದ ಕಾಲ, ಶಾಲೆಗಳನ್ನು ಬೆಚ್ಚಗಿಡೋ ಇಂಧನಕ್ಕೆ ಅಭಾವ ಬಂದು ಒಂದು ವಾರ ಬಾಗಿಲು ಹಾಕಿದರು. ಆಗ ಜನ ಅದನ್ನು ಕೋಕ್ಸ್‌ಲೋವ್ ಅಂತಿದ್ದರು, ಅಂದರೆ ಕಲ್ಲಿದ್ದಲಿನ ರಜೆ. ಮಕ್ಕಳು ಸುಮ್ಮನೆ ಬೀದಿ ಸುತ್ತಬಾರದು ಅಂತ ಆಟೋಟ ಏರ್ಪಡಿಸಿದರು. ಇಂಧನ ಉಳಿಸಲು ಹುಟ್ಟಿದ ರಜೆಯಲ್ಲಿ ಈಗ ಎಲ್ಲರೂ ಕಾರಿಗೆ ಪೆಟ್ರೋಲು ತುಂಬಿಸಿಕೊಂಡು ಐದು ಗಂಟೆ ದಾರಿ ಹೋಗುತ್ತೇವೆ!

ಕ್ಲಾಸಿನಲ್ಲಿ ನನಗೊಬ್ಬಳು ಗೆಳತಿ ಇದ್ದಾಳೆ. 1973ರಲ್ಲಿ ಚಿಲಿ ದೇಶದಲ್ಲಿ ಸೈನ್ಯ ಅಧಿಕಾರ ಹಿಡಿದ ಮೇಲೆ ಸಾವಿರಾರು ಜನ ಸ್ವೀಡನ್ನಿಗೆ ಬಂದರಲ್ಲ, ಅವರಲ್ಲಿ ಅವಳ ತಾತನೂ ಒಬ್ಬರು. ಅವಳ ಅತ್ತೆ ಮಕ್ಕಳು ಸಾಂಟಿಯಾಗೋ ನಗರದಲ್ಲಿ ಇದ್ದಾರೆ. ಅಲ್ಲಿ ಚಳಿಗಾಲ ಜೂನ್‌ನಿಂದ ಸೆಪ್ಟೆಂಬರ್. ಊರಿನಿಂದ ಸುಮಾರು 40 ಕಿಲೋಮೀಟರ್ ಆಂಡೀಸ್ ಪರ್ವತ ಹತ್ತಿದರೆ ಫರೆಯೋನೆಸ್ ಅನ್ನೋ ಹಳ್ಳಿ, ಅದರ ಸುತ್ತಮುತ್ತ ಎಲ್ ಕೊಲೊರಾಡೊ, ಲಾ ಪಾರ್ವಾ, ವಾಲ್ಯೆ ನೆವಾಡೊ ಅನ್ನೋ ದೊಡ್ಡ ಸ್ಕೀ ತಾಣಗಳು. "ದುಡ್ಡಿದ್ದವರು ವಾಲ್ಯೆ ನೆವಾಡೊದ ಹೋಟೆಲಿನಲ್ಲಿ ಉಳೀತಾರೆ. ನಮ್ಮವರು ಫರೆಯೋನೆಸ್‌ಗೆ ಹೋಗಿ ಸಂಜೆ ವಾಪಸ್" ಅಂದಳು. ನಾನು ತಕ್ಷಣ ಮನೆಗೆ ಬಂದು "ಅಪ್ಪಾ, ಚಿಲಿಯಲ್ಲಿ ಕಡಿಮೆ ದುಡ್ಡಲ್ಲಿ ಸ್ಕೀ ಮಾಡಬಹುದಂತೆ" ಅಂದೆ. ಅಪ್ಪ ವಿಮಾನದ ಟಿಕೆಟ್ಟು ನೋಡಿ ಬರೀ ನಕ್ಕರು. ಅಷ್ಟು ದುಡ್ಡಿದ್ದರೆ ಬೆಂಗಳೂರಿಗೆ ಹೋಗಿ ಅಜ್ಜಿಯನ್ನೇ ನೋಡಿಕೊಂಡು ಬರಬಹುದು. ಫರೆಯೋನೆಸ್ ಅಗ್ಗ ಆಗಿರೋದು ಸಾಂಟಿಯಾಗೋದವರಿಗೆ, ಎಸ್ಕಿಲ್‌ಸ್ಟುನಾದವರಿಗಲ್ಲ. ರಾತ್ರಿ ಉಳಿಯೋ ಖರ್ಚಿಲ್ಲ, ಊಟ ಮನೆಯಿಂದ, ಇಷ್ಟೇ ಅದರ ಗುಟ್ಟು.

ಹಾಗಾದರೆ ನಮ್ಮ ಫರೆಯೋನೆಸ್ ಯಾವುದು? ವಿಲ್‌ಸ್ಟಾ. ನಮ್ಮೂರಲ್ಲೇ ಇರೋ ಗುಡ್ಡ. ಲಿಫ್ಟ್ ಇದೆ, ಸಂಜೆ ದೀಪ ಇದೆ. ಬೇಸಿಗೆಯಲ್ಲಿ ನೀವು ಅದೇ ಕಡೆ ನಡೆಯಲು ಹೋಗಿರುತ್ತೀರಿ. ಬೆಳಿಗ್ಗೆ ದೋಸೆ ತಿಂದು ಹೊರಟು ಮಧ್ಯಾಹ್ನದ ಅನ್ನ ಸಾರಿಗೆ ಮನೆಗೆ ಬರಬಹುದಾದ ಸ್ಕೀ ಗುಡ್ಡ ಎಷ್ಟು ಕನ್ನಡಿಗರಿಗೆ ಇದೆ ಹೇಳಿ? ಚಿಕ್ಕಮಗಳೂರಿನವರಿಗೆ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಇದೆ, ಹಿಮ ಇಲ್ಲ. ಓರೆಸ್ಕೂತನ್ ಬೆಟ್ಟ ಬರೀ 1,420 ಮೀಟರ್, ಆದರೆ ಅಲ್ಲಿಗೆ ಪ್ರಪಂಚವೇ ಬರುತ್ತೆ. (ಓರೆ ಅನ್ನೋ ಊರಿಗೆ ಹೆಸರಿಟ್ಟವರಿಗೆ ಕನ್ನಡ ಬರುತ್ತಿತ್ತೇನೋ, ಅಷ್ಟು ಓರೆ ಇಳಿಜಾರು ಅಂತೆ.)

ನಾನು ವಕೀಲರ ಥರ ಒಂದೇ ಕಡೆ ಮಾತಾಡಲ್ಲ. ವಿಲ್‌ಸ್ಟಾ ಚಿಕ್ಕದು, ನಿಜವಾಗಿಯೂ ಚಿಕ್ಕದು. ನನ್ನ ತಮ್ಮ ಎರಡನೇ ದಿನವೇ "ಹತ್ತೋಕೆ ಆಗೋ ಟೈಮಲ್ಲಿ ಅರ್ಧನೂ ಇಳಿಯೋಕೆ ಬೇಕಾಗಲ್ಲ" ಅಂತ ಗೊಣಗಿದ. ಚೆನ್ನಾಗಿ ಸ್ಕೀ ಬರುವ ಅಣ್ಣಂದಿರಿಗೆ, ಅಕ್ಕಂದಿರಿಗೆ ಬೇಗ ಬೇಜಾರಾಗುತ್ತೆ. ಅದಕ್ಕಿಂತ ದೊಡ್ಡ ತೊಂದರೆ ಹವಾಮಾನ. ಚಳಿ ಬಿದ್ದರೆ ಮಾತ್ರ ಹಿಮ ಮಾಡೋ ಯಂತ್ರವೂ ಕೆಲಸ ಮಾಡೋದು. ಜನವರಿಯಲ್ಲಿ ಮಳೆ ಸುರಿದರೆ ಗುಡ್ಡ ಹುಲ್ಲಿನ ಗುಡ್ಡವೇ. ಬೊಲಿವಿಯಾದಲ್ಲಿ ಲಾ ಪಾಸ್ ಹತ್ತಿರ ಚಕಲ್ತಾಯಾ ಅಂತ ಒಂದು ಜಾಗ ಇತ್ತು, 5,000 ಮೀಟರಿಗಿಂತ ಮೇಲೆ, ಪ್ರಪಂಚದಲ್ಲೇ ಅತಿ ಎತ್ತರದ ಸ್ಕೀ ತಾಣ ಅಂತ ಹೆಸರಾಗಿತ್ತು. 2009ರ ಹೊತ್ತಿಗೆ ಅದರ ಹಿಮನದಿ ಪೂರ್ತಿ ಕರಗಿಹೋಯಿತು. ಅಷ್ಟು ಎತ್ತರದ್ದೇ ಉಳಿಯದಿದ್ದ ಮೇಲೆ ನಮ್ಮ ವಿಲ್‌ಸ್ಟಾ ಎಷ್ಟು ವರ್ಷ? ಸ್ವೀಡನ್ನಿನ ಕೆಬ್‌ನೆಕೈಸೆಯ ದಕ್ಷಿಣ ಶಿಖರದ ಹಿಮ ಕರಗಿ 2019ರಲ್ಲಿ ಉತ್ತರ ಶಿಖರವೇ ದೇಶದ ಎತ್ತರದ ಜಾಗ ಆಯ್ತು ಅಂತ ನಾವು ಶಾಲೆಯಲ್ಲೇ ಓದಿದ್ದೇವೆ. ಇದನ್ನೆಲ್ಲ ಯೋಚಿಸಿದರೆ ನನಗೆ ಅನ್ನಿಸೋದು, ಮುಂದಿನ ವರ್ಷ ನೋಡೋಣ ಅನ್ನೋದು ಬೇಡ ಅಂತ.

"ಅಂಥ ಗುಡ್ಡದಲ್ಲಿ ಕಲಿತು ಏನಾಗುತ್ತೆ?" ಅನ್ನುವ ಅಂಕಲ್‌ಗಳಿಗೆ ಒಂದು ಹೆಸರು ಹೇಳುತ್ತೇನೆ: ಫ್ರಿಡಾ ಹಾನ್ಸ್‌ಡೊಟ್ಟರ್. 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಲಾಲಮ್ ಚಿನ್ನ ಗೆದ್ದವರು. ಅವರ ಊರು ನೂರ್‌ಬೆರಿ, ನಮ್ಮ ಪಕ್ಕದ ವೆಸ್ಟ್‌ಮನ್‌ಲಂಡ್‌ನಲ್ಲಿದೆ. ಅದು ಹಳೇ ಗಣಿ ಊರು, ಅಲ್ಲಿ ಓರೆಯಂಥ ಬೆಟ್ಟ ಇಲ್ಲ. ನಾವ್ಯಾರೂ ಒಲಿಂಪಿಕ್ಸ್‌ಗೆ ಹೋಗಲ್ಲ ಬಿಡಿ, ನಮ್ಮ ಗುರಿ ಬೀಳದೆ ನಿಲ್ಲೋದು. ಅದಕ್ಕೆ ವಿಲ್‌ಸ್ಟಾ ಧಾರಾಳ ಸಾಕು.

ಸಾಮಾನಿನ ಖರ್ಚಿಗೂ ದಾರಿ ಇದೆ. ಫ್ರಿಟೀಡ್ಸ್‌ಬಾಂಕೆನ್ ಗೊತ್ತಲ್ಲ? ಪುಸ್ತಕಕ್ಕೆ ಲೈಬ್ರರಿ ಇದ್ದ ಹಾಗೆ ಆಟದ ಸಾಮಾನಿಗೆ ಲೈಬ್ರರಿ. 2013ರಲ್ಲಿ ವೆರ್ಮ್‌ಲಂಡ್‌ನ ದೇಯೆ ಅನ್ನೋ ಊರಲ್ಲಿ ಶುರುವಾಯಿತು, ಈಗ ದೇಶದ ತುಂಬ ಇದೆ. ಸ್ಕೀ, ಬೂಟು, ಹೆಲ್ಮೆಟ್ಟು 14 ದಿನ ಸಾಲ ಕೊಡುತ್ತಾರೆ, ಒಂದು ಕ್ರೋನೂ ಇಲ್ಲ. ಅಮ್ಮ ಮೊದಲು ನಂಬಲಿಲ್ಲ. "ಡೆಪಾಸಿಟ್ ಆದ್ರೂ ಇರುತ್ತೆ ನೋಡು" ಅಂದರು. ಇರಲಿಲ್ಲ. ಬೂಟು ಮಾತ್ರ ಬೇಗ ಖಾಲಿಯಾಗುತ್ತೆ, ರಜೆಗೆ ಮುಂಚೆಯೇ ಹೋಗಬೇಕು. ಸ್ವಂತದ್ದೇ ಬೇಕು ಅನ್ನುವವರಿಗೆ ರೆಟೂನಾ ಇತ್ತಲ್ಲ, 2015ರಲ್ಲಿ ನಮ್ಮೂರಲ್ಲಿ ತೆರೆದ, ಬರೀ ಹಳೇ ಸಾಮಾನು ಮಾರೋ ಮಾಲ್. ನನ್ನ ಸ್ಕೀ ಪ್ಯಾಂಟು ಅಲ್ಲಿಯದ್ದೇ. ಮೊಣಕಾಲ ಹತ್ತಿರ ಯಾರದೋ ಹೆಸರು ಮಾರ್ಕರಿನಲ್ಲಿ ಬರೆದಿದೆ, ತೊಳೆದರೂ ಹೋಗಲಿಲ್ಲ.

ಇನ್ನೊಂದು ಮಾತು. ಸ್ವೀಡನ್ನಿನ ಶಾಲಾ ಕಾನೂನಿನ ಪ್ರಕಾರ ಶಿಕ್ಷಣ ಉಚಿತವಾಗಿರಬೇಕು. ಅಪರೂಪಕ್ಕೆ ಬಹಳ ಸಣ್ಣ ಖರ್ಚು ಬಿಟ್ಟರೆ ಮನೆಯವರಿಂದ ದುಡ್ಡು ಕೇಳುವಂತಿಲ್ಲ. ಅದಕ್ಕೇ ಶಾಲೆಯವರು ಸ್ಕೀ ದಿನ ಇಟ್ಟರೆ ದುಡ್ಡಿಲ್ಲ ಅಂತ ಯಾರೂ ಹಿಂದೆ ಉಳಿಯಬೇಕಾಗಿಲ್ಲ. ಕನ್ನಡ ಶಾಲೆ ಆ ಕಾನೂನಿಗೆ ಸೇರಲ್ಲ, ನಾವು ನಾವೇ ನಡೆಸೋದು. ಆದರೆ ವಾರಪೂರ್ತಿ ಸ್ವೀಡಿಷ್ ಶಾಲೆಯಲ್ಲಿ ಸಿಗೋ ಮರ್ಯಾದೆ ಶನಿವಾರ ನಮ್ಮವರ ನಡುವೆ ಸಿಗದಿದ್ದರೆ ಹೇಗೆ? ಎಲ್ಲರೂ ಒಟ್ಟಿಗೆ ಕನ್ನಡ ಮಾತಾಡಲಿ ಅಂತ ತಾನೇ ಪ್ರವಾಸ ಇಟ್ಟಿದ್ದು. ಅರ್ಧ ಜನ ಮನೆಯಲ್ಲಿ ಕೂತರೆ ಮಾತು ಯಾರ ಹತ್ತಿರ?

ಅದಕ್ಕೆ ನನ್ನ ಸಲಹೆ. ತಾರೀಖು ಮೊದಲೇ ಗೊತ್ತು ಮಾಡೋದು ಬೇಡ. ಗುಡ್ಡ ತೆರೆದ ಮೊದಲ ಶನಿವಾರವೇ ನಮ್ಮ ಪ್ರವಾಸ, ವಾಟ್ಸಾಪ್ ಗುಂಪಿನಲ್ಲಿ ಹಿಂದಿನ ದಿನ ಹೇಳಿದರೆ ಸಾಕು. ಸ್ಕೀ ಬರುವ ದೊಡ್ಡ ಮಕ್ಕಳು ಬೆಳಿಗ್ಗೆ ಚಿಕ್ಕವರಿಗೆ ಹೇಳಿಕೊಡಲಿ, ಮಧ್ಯಾಹ್ನ ತಮ್ಮ ಪಾಡಿಗೆ ಜಾರಲಿ. ಚಿತ್ರಾನ್ನ, ಮೊಸರನ್ನ, ಫ್ಲಾಸ್ಕಿನಲ್ಲಿ ಬಾದಾಮಿ ಹಾಲು ಮನೆಯಿಂದ. ಇನ್ನೂ ದೊಡ್ಡ ಬೆಟ್ಟ ಬೇಕೇ ಬೇಕು ಅನ್ನುವವರು ಬೇರೊಂದು ದಿನ ಕಾರು ಹಂಚಿಕೊಂಡು ಬೂರ್‌ಲೆಂಗೆ ಹತ್ತಿರದ ರೊಮ್ಮೆಗೆ ಹೋಗಿ ರಾತ್ರಿಗೆ ವಾಪಸ್ ಬರಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. (ಸ್ವಲ್ಪ ಇದೆ.) ಆದರೆ ಶಾಲೆಯ ಹೆಸರಲ್ಲಿ ಹೋಗೋದು ಎಲ್ಲರೂ ಬರಬಹುದಾದ ಜಾಗಕ್ಕೇ ಇರಲಿ.

ನಮ್ಮಮ್ಮ ಈ ಸಲ ಬರ್ತೀನಿ ಅಂದಿದ್ದಾರೆ, ಸ್ಕೀ ಹಾಕಲ್ಲ ಅನ್ನೋ ಷರತ್ತಿನ ಮೇಲೆ. ತಮ್ಮನ ಕಾಲು ಒಂದೇ ವರ್ಷದಲ್ಲಿ ಎರಡು ಸೈಜು ಬೆಳೆದಿದೆ. ನಿಮ್ಮ ಮನೆಯಲ್ಲಿ 36 ನಂಬರಿನ ಸ್ಕೀ ಬೂಟು ಸುಮ್ಮನೆ ಬಿದ್ದಿದ್ದರೆ ಮುಂದಿನ ಶನಿವಾರ ಕ್ಲಾಸಿಗೆ ಬರುವಾಗ ತನ್ನಿ. ನನ್ನ ಹಳೇ 37 ನಂಬರಿನದು ಬೇಕಾದವರು ಕೇಳಿ.