ಬಡವರ ಸೇವೆಯೋ, ಬಡವರ ಮೇಲಿನ ಸವಾರಿಯೋ?

ಬಡತನ ನಿವಾರಣೆಯೆಂಬುದು ಇಂದು ಲಾಭದಾಯಕ ವ್ಯವಹಾರವಾಗಿ ಮಾರ್ಪಟ್ಟಿದೆ. ಬಡ ಮಹಿಳೆಯರಿಗೆ ಸಾಲ ಹಂಚುವ ಕಂಪೆನಿಗಳು ತಮ್ಮನ್ನು ಸಾಮಾಜಿಕ ಉದ್ಯಮಗಳೆಂದು ಕರೆದುಕೊಳ್ಳುತ್ತವೆ. ಮಹಿಳಾ ಸಬಲೀಕರಣ, ಸುಸ್ಥಿರ ಅಭಿವೃದ್ಧಿ ಮುಂತಾದ ಪದಗಳು ಅವುಗಳ ಪ್ರಚಾರದಲ್ಲಿ ರಾರಾಜಿಸುತ್ತವೆ. ಈ ಪದಗಳ ಹಿಂದಿರುವ ಸತ್ಯವನ್ನು ಅರಿಯಲು ಎರಡೇ ಪ್ರಶ್ನೆಗಳು ಸಾಕು. ಲಾಭ ಯಾರ ಕೈ ಸೇರುತ್ತದೆ? ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆ?

ಸಾಮಾಜಿಕ ಉದ್ಯಮದ ಕಲ್ಪನೆಗೆ ಜಗತ್ತಿನಾದ್ಯಂತ ಪ್ರಚಾರ ದೊರಕಿಸಿದವರು ಬಾಂಗ್ಲಾದೇಶದ ಮುಹಮ್ಮದ್ ಯೂನುಸ್. 1976ರಲ್ಲಿ ಜೋಬ್ರಾ ಗ್ರಾಮದ 42 ಮಂದಿಗೆ ಒಟ್ಟು 27 ಡಾಲರ್‌ಗಳಷ್ಟು ಸಾಲ ನೀಡಿ ಅವರು ಆರಂಭಿಸಿದ ಕಾರ್ಯ, 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಗಿ ರೂಪುಗೊಂಡಿತು. ಆ ಬ್ಯಾಂಕ್ ಕೂಡಾ ಬಡ್ಡಿ ಪಡೆಯುತ್ತದೆ ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಅದರ ಬಹುಪಾಲು ಒಡೆತನ ಸಾಲ ಪಡೆದ ಮಹಿಳೆಯರದ್ದು. ಮುಂದೆ ಅವರು ಸಾಮಾಜಿಕ ಉದ್ಯಮಕ್ಕೆ ವಿಧಿಸಿದ ನಿಯಮ ಇನ್ನೂ ಕಠಿಣ: ಹೂಡಿಕೆದಾರನು ತನ್ನ ಅಸಲನ್ನು ಮಾತ್ರ ಹಿಂಪಡೆಯಬಹುದು, ಲಾಭಾಂಶ ಪಡೆಯುವಂತಿಲ್ಲ, ಮಿಕ್ಕಿದ್ದೆಲ್ಲ ಉದ್ಯಮಕ್ಕೇ ಮರಳಬೇಕು.

ಈ ನಿಯಮದಂತೆ ಫ್ರಾನ್ಸಿನ ಡ್ಯಾನನ್ ಕಂಪೆನಿಯ ಜೊತೆಗೂಡಿ ಬಾಂಗ್ಲಾದ ಬೋಗ್ರಾದಲ್ಲಿ, ಅಪೌಷ್ಟಿಕತೆಯಿಂದ ಬಳಲುವ ಮಕ್ಕಳಿಗಾಗಿ ಪೌಷ್ಟಿಕ ಮೊಸರಿನ ಕಾರ್ಖಾನೆ ಸ್ಥಾಪನೆಯಾಯಿತು. 2008ರಲ್ಲಿ ಹಾಲಿನ ದರ ಏರಿದಾಗ ಮೊಸರಿನ ಬೆಲೆಯನ್ನೂ ಏರಿಸಲಾಯಿತು. ಹಳ್ಳಿಗಳಲ್ಲಿ ಮಾರಾಟ ಕುಸಿಯಿತು. ಉದ್ಯಮ ಎಡವಿತು, ನಿಜ. ಆದರೆ ಆ ನಷ್ಟವನ್ನು ಉದ್ಯಮವೇ ಹೊತ್ತಿತು. ಮೊಸರು ಕೊಂಡ ತಾಯಿಯ ಮನೆ ಬಾಗಿಲಿಗೆ ವಸೂಲಿಗಾರರು ಬರಲಿಲ್ಲ.

ನಮ್ಮ ದೇಶದಲ್ಲಿ ನಡೆದುದು ಇದಕ್ಕೆ ವ್ಯತಿರಿಕ್ತ. ಸೇವಾ ಸಂಸ್ಥೆಗಳಾಗಿ ಹುಟ್ಟಿದವು ಕಂಪೆನಿಗಳಾದುವು. 2010ರಲ್ಲಿ ಎಸ್‌ಕೆಎಸ್ ಸಂಸ್ಥೆಯು ಶೇರು ಮಾರುಕಟ್ಟೆಯಿಂದ 1,600 ಕೋಟಿ ರೂಪಾಯಿಗೂ ಮಿಕ್ಕಿ ಸಂಗ್ರಹಿಸಿತು. ಅದೇ ವರ್ಷ, ಕಿರುಸಾಲದ ವಸೂಲಿಯ ಒತ್ತಡದಿಂದ ಆತ್ಮಹತ್ಯೆಗಳಾಗಿವೆ ಎಂಬ ವರದಿಗಳ ನಡುವೆ ಆಂಧ್ರ ಸರಕಾರ ಸುಗ್ರೀವಾಜ್ಞೆ ಹೊರಡಿಸಿತು. 2022ರಲ್ಲಿ ರಿಸರ್ವ್ ಬ್ಯಾಂಕ್ ಇಂತಹ ಸಾಲಗಳ ಬಡ್ಡಿದರದ ಮಿತಿಯನ್ನು ತೆಗೆದುಹಾಕಿತು. 2025ರಲ್ಲಿ ಕರ್ನಾಟಕವೂ ಸುಗ್ರೀವಾಜ್ಞೆ ತರಬೇಕಾಯಿತು. ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡವೆಂದು ಅದು ಸಾರಿತು. ಸೇವೆಗೆ ಪೊಲೀಸ್ ಕಾವಲು ಬೇಕಾದರೆ ಅದನ್ನು ಸೇವೆಯೆಂದು ಕರೆಯುವುದಾದರೂ ಹೇಗೆ?

ಕಂಪೆನಿಗಳನ್ನು ದೂರುವುದರೊಂದಿಗೆ ನಮ್ಮ ಹೊಣೆ ಮುಗಿಯುವುದಿಲ್ಲ. 2009ರಲ್ಲಿ ಕೋಲಾರದ ಅಂಜುಮನ್, ಸಾಲ ಮರುಪಾವತಿ ಮಾಡಬಾರದೆಂದು ಮುಸ್ಲಿಮ್ ಮಹಿಳೆಯರಿಗೆ ಕರೆ ನೀಡಿತು. ರೇಷ್ಮೆ ನೂಲನ್ನು ನಂಬಿದ ರಾಮನಗರ, ಶಿಡ್ಲಘಟ್ಟಗಳಿಗೂ ಆ ಅಲೆ ಹಬ್ಬಿತು. ಮರುಪಾವತಿ ನಿಂತಿತು, ಹೊಸ ಸಾಲವೂ ನಿಂತಿತು. ಆದರೆ ಗೂಡು ಕೊಳ್ಳಲು ನಾಳೆ ಬೆಳಿಗ್ಗೆ ಹಣ ಬೇಕಾದ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು? ಬೇಡವೆನ್ನಲು ಒಂದು ಸಭೆ ಸಾಕು. ಬದಲಿ ವ್ಯವಸ್ಥೆ ಕಟ್ಟಲು ಸಭೆಗಳು ಸಾಲವು. ಬಂಡವಾಳ, ಲೆಕ್ಕಪತ್ರ ಮತ್ತು ತಾಳ್ಮೆ ಬೇಕು.

ಬದಲಿ ವ್ಯವಸ್ಥೆ ಅಸಾಧ್ಯವೇನಲ್ಲ. 1959ರಲ್ಲಿ ಮುಂಬೈಯ ಏಳು ಮಂದಿ ಮಹಿಳೆಯರು 80 ರೂಪಾಯಿ ಸಾಲ ಪಡೆದು ಹಪ್ಪಳ ಮಾಡತೊಡಗಿದರು. ಅದೇ ಇಂದಿನ ಲಿಜ್ಜತ್. ಅಲ್ಲಿಯೂ ಆರಂಭ ಸಾಲದಿಂದಲೇ ಆಯಿತು. ಆದರೆ ದುಡಿಯುವವರೇ ಒಡತಿಯರಾದರು; ಲಾಭವನ್ನೂ ನಷ್ಟವನ್ನೂ ಹಂಚಿಕೊಂಡರು. ಮಾರುಕಟ್ಟೆಯನ್ನು ಒಟ್ಟಾಗಿ ಎದುರಿಸಿದರು.

ನಮ್ಮ ಜಮಾಅತ್‌ಗಳು, ಧನಿಕರು ಮತ್ತು ಸಂಘ ಸಂಸ್ಥೆಗಳು ಈ ದಾರಿಯನ್ನು ಆರಿಸಿಕೊಳ್ಳಬೇಕೆಂದು ನಾವು ಬಯಸುತ್ತೇವೆ. ಹೊಲಿಗೆ ಯಂತ್ರ ವಿತರಿಸಿ ಭಾವಚಿತ್ರ ತೆಗೆಸಿಕೊಳ್ಳುವುದರಿಂದ ಬಟ್ಟೆಗೆ ಗಿರಾಕಿ ಹುಟ್ಟುವುದಿಲ್ಲ. ಕಚ್ಚಾವಸ್ತುವಿನ ಸಾಮೂಹಿಕ ಖರೀದಿ, ಮಾರಾಟದ ಏರ್ಪಾಡು, ಲಾಭ ನಷ್ಟಗಳಲ್ಲಿ ಪಾಲುದಾರಿಕೆ ಇವು ಅಗತ್ಯ. ನಷ್ಟದಲ್ಲಿ ಪಾಲು ಹೊರಲು ಒಪ್ಪದವನು ಬಡವನ ಹಿತೈಷಿಯಲ್ಲ. ಅವನು ಬಡವನ ಸಾಲಿಗ, ಅಷ್ಟೆ.