ಗೋಡೆಯ ಬುಡದ ನೀರಿಗೊಂದು ದಾರಿ

ರೋಣ, ನರಗುಂದಗಳ ಎರೆಮಣ್ಣು ನೀರುಂಡರೆ ಉಬ್ಬುವುದು, ಒಣಗಿದರೆ ಬಿರಿಯುವುದು. ಮನೆಯ ಗೋಡೆಯೂ ಅದರೊಡನೆ ಬಿರುಕುಬಿಡುವುದು. ಇದಕ್ಕೊಂದು ಉಪಾಯ ‘ಫ್ರೆಂಚ್ ಚರಂಡಿ’. ಹೆಸರು ಫ್ರಾನ್ಸ್ ದೇಶದ್ದಲ್ಲ. 1859ರಲ್ಲಿ ಹೊಲಗಳ ಬಸಿಗಾಲುವೆಯನ್ನು ಕುರಿತು ಗ್ರಂಥ ಬರೆದ ಅಮೆರಿಕದ ಹೆನ್ರಿ ಫ್ರೆಂಚರದು.

ಅಡಿಪಾಯದಿಂದ ದೂರವಾಗಿ 30 ಅಡಿ ಉದ್ದ, 1 ಅಡಿ ಅಗಲ, 2 ಅಡಿ ಆಳದ ಕಾಲುವೆಯೆಂದರೆ 60 ಘನ ಅಡಿ. ನಷ್ಟಕ್ಕೆ ಹತ್ತರಲ್ಲೊಂದು ಪಾಲು ಸೇರಿಸಿದರೆ 66 ಘನ ಅಡಿ ಖಡಿ. 100 ಘನ ಅಡಿಗೆ ಒಂದು ಬ್ರಾಸು. ತೂತುಗಳುಳ್ಳ 4 ಅಂಗುಲದ ಕೊಳವೆ 30 ಅಡಿ. ಸುತ್ತಲೂ ಹೊದಿಸಲು ಮಣ್ಣು ತಡೆಯುವ ಬಟ್ಟೆ 7 ಅಡಿ ಅಗಲದ್ದು. ಇಳಿಜಾರು ಒಟ್ಟು 4 ಅಂಗುಲ.

ನರಗುಂದದಲ್ಲಿ ಹಳೆಯ ಹಗೇವುಗಳ ಮೇಲೆ ನಿಂತ ಮನೆಗಳುಂಟು. ನೀರು ಅಲ್ಲಿಗೆ ಹರಿದರೆ ನೆಲವೇ ಕುಸಿದೀತು. ಖಡಿ ತರಿಸುವ ಮುನ್ನ ಓಣಿಯ ಹಿರಿಯರನ್ನು ವಿಚಾರಿಸುವುದು ಲೇಸು.